ಅಡುಗೆ ಸಾಮಗ್ರಿಗಳ ಅಳತೆ ಮತ್ತು ತೂಕ: ತುಮಕೂರು ಸೀಮೆಯಲ್ಲಿ ಪಾವು, ಸೇರು, ಕಿಲೋ

ಅಕ್ಕಿ, ರಾಗಿ, ಬೇಳೆ, ಹಿಟ್ಟು, ಎಣ್ಣೆ, ಉಪ್ಪು ಮೊದಲಾದ ಅಡುಗೆ ಸಾಮಗ್ರಿಗಳನ್ನು ಗೊತ್ತಾದ ಪಾತ್ರೆಯಲ್ಲಿ ತುಂಬಿ ಎಣಿಸುವ ಕ್ರಮಕ್ಕೆ ಅಳತೆಯೆಂದೂ, ತಕ್ಕಡಿಯಲ್ಲಿಟ್ಟು ಭಾರದಿಂದ ಎಣಿಸುವ ಕ್ರಮಕ್ಕೆ ತೂಕವೆಂದೂ ಹೆಸರು. ಒಂದು ಕ್ರಮದಲ್ಲಿ ಹೇಳಿದ ಪ್ರಮಾಣವನ್ನು ಮತ್ತೊಂದಕ್ಕೆ ತಿರುಗಿಸುವ ಲೆಕ್ಕ ಮೇಲುನೋಟಕ್ಕೆ ಸರಳವಾದರೂ, ಅದು ಸಾಮಗ್ರಿಯ ಗುಣ, ಪಾತ್ರೆಯ ಆಕಾರ, ತುಂಬುವ ರೀತಿ ಈ ಮೂರನ್ನೂ ಅವಲಂಬಿಸಿರುವುದರಿಂದ ಎಲ್ಲ ಪದಾರ್ಥಗಳಿಗೂ ಸಲ್ಲುವ ಒಂದೇ ಸಂಖ್ಯೆ ಇದಕ್ಕಿಲ್ಲ. ತುಮಕೂರು ನಗರ, ಗುಬ್ಬಿ, ಕುಣಿಗಲ್ ಪ್ರದೇಶದಲ್ಲಿ ಈ ಪರಿವರ್ತನೆ ನಿತ್ಯದ ಅಗತ್ಯವಾಗಿದೆ. ನ್ಯಾಯಬೆಲೆ ಅಂಗಡಿಯೂ ದಿನಸಿ ಅಂಗಡಿಯೂ ಕೃಷಿ ಮಾರುಕಟ್ಟೆಯೂ ಕಿಲೋ ಮತ್ತು ಕ್ವಿಂಟಾಲಿನಲ್ಲಿ ವ್ಯವಹರಿಸಿದರೆ, ಮನೆಯ ಅಡುಗೆ ಇಂದಿಗೂ ಬಹುಮಟ್ಟಿಗೆ ಪಾವು ಮತ್ತು ಲೋಟದಲ್ಲೇ ನಡೆಯುತ್ತದೆ.

ಪರಿವರ್ತನೆಯ ಮೂಲಸೂತ್ರವೆಂದರೆ, ಪಾತ್ರೆಯ ಗಾತ್ರವನ್ನು ಪದಾರ್ಥದ ರಾಶಿ ಸಾಂದ್ರತೆಯಿಂದ ಗುಣಿಸಿದರೆ ತೂಕ ಸಿಗುತ್ತದೆ. ರಾಶಿ ಸಾಂದ್ರತೆ ಎಂದರೆ ಕಾಳುಗಳ ನಡುವಿನ ಗಾಳಿಯನ್ನೂ ಸೇರಿಸಿಕೊಂಡು ಒಂದು ಮಿಲಿಲೀಟರ್ ಜಾಗ ತುಂಬುವ ಪದಾರ್ಥದ ತೂಕ. ಅಕ್ಕಿಯ ಒಂದೊಂದು ಕಾಳು ನೀರಿಗಿಂತ ಭಾರವಾದದ್ದು, ಅದರ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1.45 ಗ್ರಾಂ. ಆದರೂ ಅಕ್ಕಿಯನ್ನು ಪಾತ್ರೆಗೆ ಸುರಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕಿದ ಜಾಗ ಕಾಳುಗಳ ನಡುವೆ ಖಾಲಿ ಉಳಿಯುವುದರಿಂದ ಅದರ ರಾಶಿ ಸಾಂದ್ರತೆ 0.80ರಿಂದ 0.85ರ ಆಸುಪಾಸಿಗೆ ಇಳಿಯುತ್ತದೆ. ಕಾಳಿನ ಉದ್ದ, ಪಾಲಿಶ್, ತೇವಾಂಶ, ಹಳೆಯದೋ ಹೊಸದೋ ಎಂಬ ವ್ಯತ್ಯಾಸಗಳೆಲ್ಲ ಈ ಸಂಖ್ಯೆಯನ್ನು ಸ್ವಲ್ಪ ಅತ್ತಿತ್ತ ಸರಿಸುತ್ತವೆ. ಆದ್ದರಿಂದ ಈ ಲೇಖನದಲ್ಲಿ ಕೊಡುವ ಸಾಂದ್ರತೆಗಳೆಲ್ಲ ಅಡುಗೆಗೆ ಸಾಕಾಗುವ ಅಂದಾಜುಗಳೇ ಹೊರತು ಪ್ರಯೋಗಾಲಯದ ನಿಷ್ಕರ್ಷೆಗಳಲ್ಲ.

ಧಾನ್ಯವನ್ನು ಅಳೆಯುವುದೂ ಲೋಹವನ್ನು ತೂಗುವುದೂ ಬೇರೆಬೇರೆ ಶಾಸ್ತ್ರಗಳೆಂಬ ತಿಳಿವಳಿಕೆ ಕನ್ನಡ ನಾಡಿನಲ್ಲಿ ಹಳೆಯದು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದ ಮೊದಲ ಅಧ್ಯಾಯದಲ್ಲಿ ಧಾನ್ಯದ ಅಳತೆಗಳಿಗೂ ಚಿನ್ನ, ಬೆಳ್ಳಿ, ಇತರ ಲೋಹಗಳ ತೂಕಗಳಿಗೂ ಪ್ರತ್ಯೇಕ ಪರಿಭಾಷೆಗಳನ್ನು ಕೊಟ್ಟಿದ್ದಾನೆ. ಶಾಸನಗಳಲ್ಲಿ ದತ್ತಿಯ ಧಾನ್ಯವನ್ನು ಮಾನ, ಬಳ್ಳ, ಕೊಳಗ, ಖಂಡುಗಗಳಲ್ಲಿ ನಮೂದಿಸುವುದು ವಾಡಿಕೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದ್ದಾನೆ. ಖಂಡುಗವು ಧಾನ್ಯದ ಅಳತೆಯಾಗಿದ್ದಂತೆಯೇ ನೆಲದ ಅಳತೆಯೂ ಆಗಿತ್ತು. ಒಂದು ಖಂಡುಗ ಬಿತ್ತನೆ ಬೀಜ ಹಿಡಿಯುವಷ್ಟು ನೆಲಕ್ಕೆ ಒಂದು ಖಂಡುಗ ಭೂಮಿ ಎನ್ನುತ್ತಿದ್ದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕ ವ್ಯಾಪಕವಾಗಿದ್ದರೂ, ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿಂದೂರಿಗೆ ಬದಲಾಗುತ್ತಿತ್ತು. ಬಳ್ಳದ ಪಾಡೂ ಅದೇ. ಈ ಕಾರಣದಿಂದ ಹಳೆಯ ದಾಖಲೆಯೊಂದರ ಕೊಳಗವನ್ನು ಕಿಲೋಗ್ರಾಮಿಗೆ ತಿರುಗಿಸುವ ಸಂಶೋಧಕರು ಅದು ಯಾವ ಊರಿನ ಕೊಳಗವೆಂಬುದನ್ನು ಮೊದಲು ನಿರ್ಧರಿಸಬೇಕಾಗುತ್ತದೆ.

ಹಳೆಯ ಮೈಸೂರು ಸೀಮೆಗೆ ಸೇರಿದ ತುಮಕೂರು ಪ್ರದೇಶದಲ್ಲಿ ಗೊಂದಲದ ದೊಡ್ಡ ಮೂಲ ಸೇರು. ಇಲ್ಲಿ ಎರಡು ಸೇರುಗಳಿದ್ದವು. ಒಂದು ತೂಕದ ಕಚ್ಚಾ ಸೇರು, 24 ರೂಪಾಯಿ ನಾಣ್ಯಗಳ ತೂಕದ್ದು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ ಆಗಿದ್ದುದರಿಂದ ಕಚ್ಚಾ ಸೇರು ಈಗಿನ ಲೆಕ್ಕದಲ್ಲಿ 280 ಗ್ರಾಂ ಆಗುತ್ತದೆ. ಅಂತಹ 40 ಸೇರುಗಳ ಒಂದು ಮಣ 11.2 ಕಿಲೋ. ಬೆಲ್ಲ, ಬೆಣ್ಣೆ, ಹುಣಸೆಹಣ್ಣುಗಳಂಥ ಅಂಟುವ, ಮುದ್ದೆಯಾಗುವ ಪದಾರ್ಥಗಳು ಪಾತ್ರೆಯ ಅಳತೆಗೆ ಒಗ್ಗದಿರುವುದರಿಂದ ಅವು ತೂಕದ ಸೇರು ಮತ್ತು ಮಣಗಳಿಗೆ ಸೇರಿದ್ದವು. ಇನ್ನೊಂದು ಧಾನ್ಯ ಅಳೆಯುವ ಪಕ್ಕಾ ಸೇರು. ಇದನ್ನು ನಿಗದಿ ಮಾಡಿದ ರೀತಿ ಜಾಣತನದ್ದು: ನವಧಾನ್ಯಗಳನ್ನು ಸಮಪ್ರಮಾಣದಲ್ಲಿ ಬೆರೆಸಿ, ಆ ಮಿಶ್ರಣದ 84 ರೂಪಾಯಿ ತೂಕ ಯಾವ ಪಾತ್ರೆಯಲ್ಲಿ ಹಿಡಿಸುತ್ತದೆಯೋ ಅದೇ ಸೇರು. ಯಾವುದೋ ಒಂದೇ ಧಾನ್ಯವನ್ನು ಆಧಾರ ಮಾಡಿಕೊಂಡಿದ್ದರೆ ಆ ಧಾನ್ಯದ ತಳಿ ಮತ್ತು ಗುಣಕ್ಕೆ ತಕ್ಕಂತೆ ಪಾತ್ರೆಯ ಗಾತ್ರವೂ ಬದಲಾಗುತ್ತಿತ್ತು. ಒಂಬತ್ತರ ಸರಾಸರಿ ಆ ಏರುಪೇರನ್ನು ತಗ್ಗಿಸಿತು. ಅಳತೆಯನ್ನು ತೂಕದಿಂದಲೇ ಕಟ್ಟಿಕೊಂಡ ಈ ಸೇರು ತನ್ನಷ್ಟಕ್ಕೆ ಒಂದು ಪರಿವರ್ತನಾ ಸೂತ್ರವೇ ಆಗಿತ್ತೆನ್ನಬಹುದು.

84 ತೊಲವೆಂದರೆ 980 ಗ್ರಾಂ. ಕಾಳುಗಳ ಮಿಶ್ರಣಕ್ಕೆ 0.8ರ ರಾಶಿ ಸಾಂದ್ರತೆ ಹಿಡಿದರೆ ಪಾತ್ರೆಯ ಗಾತ್ರ 1,225 ಮಿಲಿಲೀಟರಿನಷ್ಟಾಗುತ್ತದೆ. ಸೇರಿನ ಅರ್ಧ ಅಚ್ಚೇರು, ಕಾಲುಭಾಗ ಪಾವು, ಪಾವಿನ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಮೇಲಕ್ಕೆ ಹೋದರೆ ನೂರು ಸೇರಿಗೆ ಒಂದು ಪಲ್ಲ. ಈ ಲೆಕ್ಕದಂತೆ ಹಳೆಯ ಪಾವು 306 ಮಿಲಿಲೀಟರ್ ಹಿಡಿಯುವುದರಿಂದ ಅದರಲ್ಲಿ ಅಳೆದ ಅಕ್ಕಿ 250 ಗ್ರಾಂ ತೂಗುತ್ತದೆ. ಒಂದು ಪಾವು ಎಂದರೆ ಕಾಲು ಕಿಲೋ, ಸೇರು ಎಂದರೆ ಕಿಲೋ ಎಂದು ಹಿರಿಯರು ಹೇಳುವ ಲೆಕ್ಕ ಅಕ್ಕಿಯ ಮಟ್ಟಿಗೆ ನಿಜ. ಅಕ್ಕಿಯ ಒಂದು ಪಲ್ಲವೂ ಒಂದು ಕ್ವಿಂಟಾಲೂ ಹೀಗೆಯೇ ಹತ್ತಿರಹತ್ತಿರ ಬರುತ್ತವೆ. ಆದರೆ ಅದೇ ಪಲ್ಲದಲ್ಲಿ ಭತ್ತ ಅಳೆದರೆ, ಹೊಟ್ಟಿನ ಕಾರಣ ಅದರ ರಾಶಿ ಸಾಂದ್ರತೆ 0.58ರ ಸುಮಾರಿಗೆ ಇರುವುದರಿಂದ, ತೂಕ 70 ಕಿಲೋದ ಆಸುಪಾಸಿನಲ್ಲೇ ನಿಲ್ಲುತ್ತದೆ. ಕುಣಿಗಲ್ ದೊಡ್ಡಕೆರೆಯ ಅಚ್ಚುಕಟ್ಟಿನಂಥ ಕಡೆಗಳಲ್ಲಿ ಬೆಳೆದ ಭತ್ತದ ಹಳೆಯ ಲೆಕ್ಕಗಳನ್ನು ಓದುವಾಗ ಈ ವ್ಯತ್ಯಾಸ ಮರೆತರೆ ಇಳುವರಿ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

1956ರ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆಯ ಮೂಲಕ ಭಾರತ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡಿತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂದ ಈ ಪದ್ಧತಿ 1962ರ ಹೊತ್ತಿಗೆ ವ್ಯಾಪಾರದಲ್ಲಿ ಕಡ್ಡಾಯವಾಯಿತು. ಕಾನೂನು ಬದಲಾಯಿಸಿದ್ದು ಅಂಗಡಿಯ ತಕ್ಕಡಿಯನ್ನು, ಅಡುಗೆಮನೆಯ ಪಾವನ್ನಲ್ಲ. ಆದರೆ ಪಾತ್ರೆ ಮಾಡುವವರು ಕ್ರಮೇಣ ಪಾವನ್ನೂ ಮೆಟ್ರಿಕ್ ಮಾಡಿದರು. ಇಂದು ಪಾತ್ರೆ ಅಂಗಡಿಗಳಲ್ಲಿ ಪಾವೆಂದು ಕೊಡುವ ಸ್ಟೀಲ್ ಡಬ್ಬಿ ಸಾಮಾನ್ಯವಾಗಿ 250 ಮಿಲಿಲೀಟರಿನದು, ಸೇರೆಂದು ಕೊಡುವುದು ಒಂದು ಲೀಟರಿನದು. ಅದರಲ್ಲಿ ಅಳೆದ ಒಂದು ಪಾವು ಅಕ್ಕಿ 205 ಗ್ರಾಂ ಮಾತ್ರ. ಅಜ್ಜಿಯ ಹಿತ್ತಾಳೆ ಪಾವಿಗೂ ಸೊಸೆಯ ಸ್ಟೀಲ್ ಪಾವಿಗೂ ಹೀಗೆ ಐದರಲ್ಲಿ ಒಂದು ಪಾಲಿನಷ್ಟು ಅಂತರವಿದ್ದು, ಕಾಲು ಕಿಲೋ ಎಂಬ ಹಳೆಯ ಸಮೀಕರಣವನ್ನು ಹೊಸ ಡಬ್ಬಿಗೆ ಹಚ್ಚುವುದೇ ಇಂದಿನ ಬಹುಪಾಲು ಲೆಕ್ಕದೋಷಗಳ ಮೂಲ.

ತುಮಕೂರು ಸೀಮೆಯ ಊಟದ ನಡುಗಂಬವಾದ ರಾಗಿಯಲ್ಲಿ ಪರಿವರ್ತನೆಯ ಸೂಕ್ಷ್ಮಗಳು ಬೇರೆಲ್ಲಕ್ಕಿಂತ ಚೆನ್ನಾಗಿ ಕಾಣುತ್ತವೆ. ರಾಗಿ ಕಾಳು ಸಣ್ಣದೂ ಗುಂಡಗಿನದೂ ಆಗಿರುವುದರಿಂದ ಪಾತ್ರೆಯಲ್ಲಿ ಒತ್ತಾಗಿ ಕೂರುತ್ತದೆ; ಅದರ ರಾಶಿ ಸಾಂದ್ರತೆ 0.78ರ ಸುಮಾರು. ಮಿಲ್ಲಿಗೆ ಹಾಕಿಸಿದ ಮೇಲೆ ಅದೇ ರಾಗಿಯ ತೂಕ ಹೆಚ್ಚುಕಡಿಮೆ ಹಾಗೆಯೇ ಉಳಿದರೂ ಹಿಟ್ಟಿನ ಕಣಗಳ ನಡುವೆ ಗಾಳಿ ಸೇರಿ ಗಾತ್ರ ಹಿಗ್ಗುತ್ತದೆ. ಸಡಿಲವಾಗಿ ಸುರಿದ ರಾಗಿ ಹಿಟ್ಟಿನ ಸಾಂದ್ರತೆ 0.58ರ ಹತ್ತಿರವಿದ್ದರೆ, ಡಬ್ಬಿಯನ್ನು ಕುಟ್ಟಿ ಕುಟ್ಟಿ ತುಂಬಿದಾಗ ಅದು 0.7ರವರೆಗೂ ಏರುತ್ತದೆ. ಹೀಗಾಗಿ ಒಂದು ಸೇರು ರಾಗಿ ಹಾಕಿಸಿದರೆ ಸಡಿಲ ಹಿಟ್ಟು ಒಂದೂಕಾಲು ಸೇರಿಗೂ ಮಿಕ್ಕಿ ಬರುತ್ತದೆ. ಇದು ಮಿಲ್ಲಿನವರ ಧಾರಾಳವಲ್ಲ, ಗಾಳಿಯ ಪಾಲು. ಮಿಲ್ಲಿನಲ್ಲಿ ಕೊಟ್ಟ ಕಾಳಿಗೂ ಪಡೆದ ಹಿಟ್ಟಿಗೂ ತಾಳೆ ನೋಡಬೇಕಾದರೆ ತೂಕವೊಂದೇ ಆಧಾರ.

ಮುದ್ದೆಯ ವಿಚಾರದಲ್ಲಿ ಒಂದು ಪಾವು ಹಿಟ್ಟಿಗೆ ಎರಡು ಪಾವು ನೀರು ಎಂಬುದು ಬಳಕೆಯ ಅಳತೆ. ಇದನ್ನು 250 ಮಿಲಿಲೀಟರಿನ ಪಾವಿನಲ್ಲಿ ತೂಕಕ್ಕೆ ತಿರುಗಿಸಿದರೆ 145 ಗ್ರಾಂ ಹಿಟ್ಟಿಗೆ 500 ಗ್ರಾಂ ನೀರು ಬರುತ್ತದೆ. ಅಳತೆಯಲ್ಲಿ ಒಂದಕ್ಕೆ ಎರಡಾಗಿದ್ದ ಪ್ರಮಾಣ ತೂಕದಲ್ಲಿ ಒಂದಕ್ಕೆ ಮೂರೂವರೆಯ ಸಮೀಪವಾಗುತ್ತದೆ. ಅಳತೆಯ ಸೂತ್ರವನ್ನು ತೂಕದ ಸೂತ್ರವೆಂದು ತಿಳಿದು 145 ಗ್ರಾಂ ಹಿಟ್ಟಿಗೆ 290 ಗ್ರಾಂ ನೀರಿಟ್ಟವರ ಮುದ್ದೆ ಗಂಟುಕಟ್ಟಿ, ಒಳಗೆ ಹಸಿಹಿಟ್ಟು ಉಳಿಯುತ್ತದೆ. ಅನ್ನಕ್ಕೂ ಇದೇ ಮಾತು ಅನ್ವಯಿಸುತ್ತದೆಯಾದರೂ ಅಲ್ಲಿ ಅಂತರ ಕಡಿಮೆ: ಅಳತೆಯಲ್ಲಿ ಒಂದಕ್ಕೆ ಎರಡು ನೀರು, ತೂಕದಲ್ಲಿ ಒಂದಕ್ಕೆ ಸುಮಾರು ಎರಡೂವರೆ. ಕೋಲು ಹಿಡಿದು ಮುದ್ದೆ ತಿರುವುವವರು ಹಿಟ್ಟಿನ ಬಿಗಿಯನ್ನು ಕೈಯಲ್ಲೇ ಗುರುತಿಸಿ ಬಿಸಿನೀರು ಚಿಮುಕಿಸಿಕೊಳ್ಳುವುದರಿಂದ ಮನೆಯಲ್ಲಿ ಈ ಲೆಕ್ಕ ತಪ್ಪಿದರೂ ಊಟ ತಪ್ಪುವುದಿಲ್ಲ. ಬರಹದಲ್ಲಿ ಪಾಕವಿಧಾನ ಕೊಡುವವರಿಗೆ ಆ ಅನುಕೂಲವಿಲ್ಲ.

ಸಾಂದ್ರತೆ ಸಮೀಪವಿರುವ ಪದಾರ್ಥಗಳ ನಡುವಿನ ಪ್ರಮಾಣ ಮಾತ್ರ ಅಳತೆಯಿಂದ ತೂಕಕ್ಕೆ ಹೋದರೂ ಕೆಡುವುದಿಲ್ಲ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ ಎಂಬ ಇಡ್ಲಿಯ ಲೆಕ್ಕವನ್ನು ಮೂರು ಕಿಲೋಗೆ ಒಂದು ಕಿಲೋ ಎಂದು ಬದಲಾಯಿಸಿಕೊಂಡರೂ ಇಡ್ಲಿ ಹೆಚ್ಚು ವ್ಯತ್ಯಾಸವಾಗದು, ಏಕೆಂದರೆ ಎರಡರ ರಾಶಿ ಸಾಂದ್ರತೆಯೂ 0.8ರಿಂದ 0.85ರ ಒಳಗೇ ಇದೆ. ತೊಡಕು ಹುಟ್ಟುವುದು ಹಗುರ ಪದಾರ್ಥ ಸೇರಿದಾಗ. ತುಮಕೂರಿನ ಅಂಚಿನ ಕ್ಯಾತ್ಸಂದ್ರ ತಟ್ಟೆ ಇಡ್ಲಿಗೆ ಹೆಸರಾದ ಊರು. ತಟ್ಟೆ ಇಡ್ಲಿಯ ಹಿಟ್ಟಿಗೆ ಮೃದುತ್ವಕ್ಕಾಗಿ ಅವಲಕ್ಕಿ ಅಥವಾ ಸಬ್ಬಕ್ಕಿ ಸೇರಿಸುವ ಪದ್ಧತಿ ಹಲವೆಡೆ ಇದೆ. ಮೂರು ಪಾವು ಅಕ್ಕಿ, ಒಂದು ಪಾವು ಉದ್ದು, ಒಂದು ಪಾವು ತೆಳು ಅವಲಕ್ಕಿ ಎಂದು ಹಿಡಿದರೆ, ತೂಕದಲ್ಲಿ ಅವು ಕ್ರಮವಾಗಿ 615, 210 ಮತ್ತು ಬರೀ 50 ಗ್ರಾಮಿನಷ್ಟಾಗುತ್ತವೆ. ಮೂರು, ಒಂದು, ಒಂದು ಎಂಬುದನ್ನು ತೂಕವೆಂದು ಓದಿದವರು ಅವಲಕ್ಕಿಯನ್ನು ನಾಲ್ಕುಪಟ್ಟು ಸುರಿದು ಅಂಟಂಟಾದ ಇಡ್ಲಿ ಪಡೆಯುತ್ತಾರೆ. ರುಬ್ಬಿದ ಮೇಲಂತೂ ಹಿಟ್ಟನ್ನು ಅಳತೆಯಿಂದ ಹೇಳುವುದರಲ್ಲಿ ಅರ್ಥವೇ ಇಲ್ಲ. ಉದ್ದು ರುಬ್ಬುವಾಗ ಸೇರುವ ಗಾಳಿಯೂ ರಾತ್ರಿಯಿಡೀ ಹುಳಿಯುವಾಗ ಹುಟ್ಟುವ ಅನಿಲವೂ ತೂಕ ಹೆಚ್ಚಿಸದೆ ಗಾತ್ರವನ್ನು ಮಾತ್ರ ಉಬ್ಬಿಸುತ್ತವೆ.

ಪಾತ್ರೆ ತುಂಬುವ ರೀತಿಯೂ ಲೆಕ್ಕದ ಭಾಗ. ಬಾಯಿಮಟ್ಟಕ್ಕೆ ಸವರಿದ ಪಾವು ಬೇರೆ, ಗೋಪುರವೆದ್ದಂತೆ ತುಂಬಿದ ಪಾವು ಬೇರೆ. ಒಣಗಿದ ಅಕ್ಕಿ ಸುಮಾರು 30 ಡಿಗ್ರಿ ಓರೆಯಲ್ಲಿ ರಾಶಿ ನಿಲ್ಲುತ್ತದೆಂದು ಇಟ್ಟುಕೊಂಡರೆ, ಏಳು ಸೆಂಟಿಮೀಟರ್ ಅಗಲ ಬಾಯಿಯ 250 ಮಿಲಿಲೀಟರ್ ಪಾವಿನ ಮೇಲೆ ನಿಲ್ಲುವ ಗೋಪುರ 26 ಮಿಲಿಲೀಟರಿನದು, ಅಂದರೆ ನೂರಕ್ಕೆ ಹತ್ತು ಹೆಚ್ಚು. ಅಷ್ಟೇ ಹಿಡಿಯುವ, ಆದರೆ ಒಂಬತ್ತು ಸೆಂಟಿಮೀಟರ್ ಅಗಲದ ಗಿಡ್ಡ ಪಾತ್ರೆಯಲ್ಲಿ ಗೋಪುರ 55 ಮಿಲಿಲೀಟರಿಗೆ ಏರಿ ಹೆಚ್ಚಳ ನೂರಕ್ಕೆ ಇಪ್ಪತ್ತೆರಡಾಗುತ್ತದೆ. ಅಳೆದು ಕೊಳ್ಳುವಾಗ ಅಗಲಬಾಯಿಯ ಪಾತ್ರೆಯೂ ಅಳೆದು ಕೊಡುವಾಗ ಕಿರಿದುಬಾಯಿಯ ಪಾತ್ರೆಯೂ ವರ್ತಕನಿಗೆ ಲಾಭ ತರಬಲ್ಲವೆಂಬುದು ಈ ಲೆಕ್ಕದಿಂದ ತಾನಾಗಿ ಹೊರಡುತ್ತದೆ. ಧಾನ್ಯದ ಅಳತೆಗಳ ಕುರಿತ ಹಳೆಯ ಜಗಳಗಳ ಬೇರನ್ನು ಪಾತ್ರೆಯ ಗಾತ್ರದಲ್ಲಿ ಹುಡುಕುವುದಕ್ಕಿಂತ ಅದರ ಬಾಯಿಯಲ್ಲಿ ಹುಡುಕುವುದು ಲೇಸು.

ದ್ರವಗಳಲ್ಲಿ ಗಾಳಿಯ ತೊಡಕಿಲ್ಲದ ಕಾರಣ ಪರಿವರ್ತನೆ ಸಲೀಸು. ಅಡುಗೆ ಎಣ್ಣೆಯ ಸಾಂದ್ರತೆ 0.91ರ ಸುಮಾರಾಗಿದ್ದು, ಒಂದು ಲೀಟರ್ ಎಣ್ಣೆಯ ಪೊಟ್ಟಣದ ಮೇಲೆ 910 ಗ್ರಾಂ ಎಂದು ಅಚ್ಚಾಗಿರುವುದು ಇದನ್ನೇ ಹೇಳುತ್ತದೆ. ಬಿಸಿಯಾದ ಎಣ್ಣೆ ಹಿಗ್ಗುವುದರಿಂದ ಹೆಚ್ಚಿನ ಉಷ್ಣಾಂಶದಲ್ಲಿ ಲೀಟರ್ ಲೆಕ್ಕ ಹಾಕಿದರೆ ಎಣ್ಣೆ ಕಡಿಮೆ ಸೇರುತ್ತದೆ. ಪೊಟ್ಟಣದ ಮೇಲೆ ಉಷ್ಣಾಂಶ ನಮೂದಿಸದೆ ಗಾತ್ರದೊಂದಿಗೆ ತೂಕವನ್ನೂ ಕೊಡಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಎಣ್ಣೆ ತಯಾರಕರಿಗೆ ಸೂಚಿಸಿತು. ತುಪ್ಪವೂ ಎಣ್ಣೆಯಷ್ಟೇ ಹಗುರ. ಹಾಲು ನೀರಿಗಿಂತ ತುಸು ಭಾರ, ಲೀಟರಿಗೆ 1.03 ಕಿಲೋ. ಮನೆಯಲ್ಲಿ ನೂರಕ್ಕೆ ಮೂರರ ಈ ಅಂತರ ಲೆಕ್ಕಕ್ಕೆ ಬಾರದಿದ್ದರೂ, ಹಳ್ಳಿಗಳಿಂದ ಸಂಗ್ರಹಿಸಿದ ಹಾಲನ್ನು ಕಿಲೋದಲ್ಲಿ ನಮೂದಿಸಿ ಲೀಟರಿನಲ್ಲಿ ಮಾರುವ ತುಮಕೂರು ಹಾಲು ಒಕ್ಕೂಟದಂಥ ಸಂಸ್ಥೆಗೆ ಹತ್ತು ಸಾವಿರ ಲೀಟರಿನಲ್ಲಿ ಅದು 300 ಕಿಲೋ ಆಗುತ್ತದೆ. ಜೇನುತುಪ್ಪ ಇವೆಲ್ಲಕ್ಕಿಂತ ಭಾರ, ಲೀಟರಿಗೆ 1.4 ಕಿಲೋ.

ಉಪ್ಪಿನಲ್ಲಿ ಎಚ್ಚರ ಹೆಚ್ಚು ಬೇಕು. ಐದು ಮಿಲಿಲೀಟರಿನ ಟೀ ಚಮಚದಲ್ಲಿ ಪುಡಿಯುಪ್ಪು ಸುಮಾರು ಆರು ಗ್ರಾಂ ಹಿಡಿದರೆ ಕಲ್ಲುಪ್ಪು ಹರಳುಗಳ ನಡುವೆ ಜಾಗ ಬಿಡುವುದರಿಂದ ಐದು ಗ್ರಾಮಿನ ಸುತ್ತ ನಿಲ್ಲುತ್ತದೆ. ಉಪ್ಪಿನಕಾಯಿಯಂಥ ಕಾಪಿಡುವ ಪದಾರ್ಥದಲ್ಲಿ ಈ ವ್ಯತ್ಯಾಸ ರುಚಿಯಷ್ಟೇ ಬಾಳಿಕೆಗೂ ಸಂಬಂಧಿಸಿದ್ದು. ಅಳತೆಗೂ ತೂಕಕ್ಕೂ ಒಗ್ಗದೆ ಎಣಿಕೆಗೆ ಮತ್ತು ಹೋಲಿಕೆಗೆ ಬಿದ್ದ ಪದಾರ್ಥಗಳೂ ಇವೆ. ತೆಂಗು ಬೆಳೆಯುವ ಗುಬ್ಬಿಯಂಥ ತಾಲ್ಲೂಕಿನಲ್ಲಿ ತೆಂಗಿನಕಾಯಿಯನ್ನು ಅರ್ಧ ಹೋಳು, ಒಂದು ಕಾಯಿ ಎಂದೇ ಹೇಳುತ್ತಾರೆ. ಹುಣಸೆಹಣ್ಣಿನ ವಹಿವಾಟಿಗೆ ಹೆಸರಾದ ತುಮಕೂರಿನಲ್ಲೂ ಅಡುಗೆಗೆ ಹುಣಸೆ ಬೀಳುವುದು ನಿಂಬೆ ಗಾತ್ರ, ನೆಲ್ಲಿ ಗಾತ್ರದ ಲೆಕ್ಕದಲ್ಲೇ. ನಿಂಬೆ ಗಾತ್ರದ ಉಂಡೆ 25ರಿಂದ 30 ಗ್ರಾಂ ತೂಗುತ್ತದೆ. ಚಿಟಿಕೆ, ಹಿಡಿ, ಬೊಗಸೆಗಳನ್ನು ಗ್ರಾಮಿಗೆ ತಿರುಗಿಸುವ ಪ್ರಯತ್ನ ವ್ಯರ್ಥ.

ಅನ್ಯದೇಶಗಳ ಪಾಕಪುಸ್ತಕಗಳಲ್ಲಿ ಬರುವ ‘ಕಪ್ಪು’ ಎಂಬ ಅಳತೆ ಪಾವಿನಷ್ಟೇ ಚಂಚಲವಾದದ್ದು. ಅಮೆರಿಕದ ಕಪ್ಪು 237 ಮಿಲಿಲೀಟರ್, ಮೆಟ್ರಿಕ್ ಕಪ್ಪು 250, ಜಪಾನಿನದು 200, ವಿದ್ಯುತ್ ಅನ್ನದ ಕುಕ್ಕರಿನೊಂದಿಗೆ ಬರುವ ಲೋಟ 180. ದೊಡ್ಡ ಚಮಚ ಬಹುತೇಕ ದೇಶಗಳಲ್ಲಿ 15 ಮಿಲಿಲೀಟರಾದರೆ ಆಸ್ಟ್ರೇಲಿಯದಲ್ಲಿ 20. ಹೊಸ ಪಾವು ಮತ್ತು ಮೆಟ್ರಿಕ್ ಕಪ್ಪು ಸಮನಾಗಿರುವುದು ಕಾಕತಾಳೀಯವಲ್ಲ, ಎರಡೂ ಲೀಟರಿನ ಕಾಲುಭಾಗಗಳೇ.

ಪರಿವರ್ತನೆಯ ದೋಷ ಪಾತ್ರೆಯ ತಳ ದಾಟಿ ಜನರ ತಟ್ಟೆ ಮುಟ್ಟುವುದು ಸಾಮೂಹಿಕ ಅಡುಗೆಯಲ್ಲಿ. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಂತೆ ಸಾವಿರಾರು ವಿದ್ಯಾರ್ಥಿಗಳು ನಿತ್ಯ ಉಣ್ಣುವ ಕಡೆ ಸಾಮಗ್ರಿ ಮೂಟೆಯಲ್ಲೇ ಬಂದು ಮೂಟೆಯಲ್ಲೇ ಖರ್ಚಾಗುವುದರಿಂದ ತೂಕವೇ ಸಹಜ ಮಾನ. ಚಿಕ್ಕ ಶಾಲೆಯ ಬಿಸಿಯೂಟದಲ್ಲಿ ಪರಿಸ್ಥಿತಿ ಬೇರೆ. ಕರ್ನಾಟಕದಲ್ಲಿ ಅಕ್ಷರ ದಾಸೋಹವೆಂದು ಹೆಸರಾದ ಈ ಯೋಜನೆಯ ಪ್ರಮಾಣಗಳು ತೂಕದಲ್ಲಿವೆ: ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ, ಆರರಿಂದ ಎಂಟನೆಯ ತರಗತಿಯವರಿಗೆ ಇವೆಲ್ಲವೂ ಒಂದೂವರೆ ಪಟ್ಟು. ಕಿರಿಯ ತರಗತಿಗಳ ನಲವತ್ತು ಮಕ್ಕಳಿರುವ ಶಾಲೆಗೆ ನಾಲ್ಕು ಕಿಲೋ ಅಕ್ಕಿ ಬೇಕು. ಸೇರೆಂದರೆ ಕಿಲೋ ಎಂಬ ಹಳೆಯ ನಂಬಿಕೆಯಲ್ಲಿ ಒಂದು ಲೀಟರಿನ ಡಬ್ಬಿಯಿಂದ ನಾಲ್ಕು ಸಲ ಮಟ್ಟವಾಗಿ ಅಳೆದರೆ ಬೀಳುವುದು 3.28 ಕಿಲೋ, ಕೊರತೆಯಾದ 720 ಗ್ರಾಂ ಏಳು ಮಕ್ಕಳ ಪಾಲು. ಉಗ್ರಾಣದ ಪುಸ್ತಕದಲ್ಲಿ ನಾಲ್ಕು ಕಿಲೋ ಖರ್ಚೆಂದು ಬರೆದರೆ ತಿಂಗಳ ಕೊನೆಗೆ ಅಕ್ಕಿ ಹೆಚ್ಚುವರಿ ಕಾಣುತ್ತದೆ. ಯಾರೂ ಕದಿಯದೆ, ಯಾರೂ ಉಳಿಸದೆ ಹುಟ್ಟುವ ಈ ಹೆಚ್ಚುವರಿಗೆ ಪಾತ್ರೆಯೊಂದೇ ಕಾರಣ. ಅಂಥ ಶಾಲೆಗೆ ಸರಿಯಾದ ಅಳತೆ ಅಂತಹ ಡಬ್ಬಿಯಲ್ಲಿ ಐದಕ್ಕೆ ತುಸು ಕಡಿಮೆ.

ಇಂತಹ ಪರಿವರ್ತನೆಗೆ ಅಚ್ಚಾದ ಕೋಷ್ಟಕಗಳು ದಾರಿ ತೋರಬಲ್ಲವೇ ಹೊರತು ಗುರಿ ಮುಟ್ಟಿಸಲಾರವು, ಏಕೆಂದರೆ ಕೋಷ್ಟಕ ಕಟ್ಟಿದವರ ಪಾವು ಬಳಸುವವರ ಪಾವಲ್ಲ. ಮನೆಯ ಪಾವಿನ ನಿಜವಾದ ಗಾತ್ರ ತಿಳಿಯಲು ಖಾಲಿ ಪಾವನ್ನು ತೂಗಿ, ಬಾಯಿಮಟ್ಟ ನೀರು ತುಂಬಿ ಮತ್ತೆ ತೂಗಿದರೆ ಸಾಕು. ಹೆಚ್ಚಿದ ಗ್ರಾಂಗಳ ಸಂಖ್ಯೆಯೇ ಅದರ ಮಿಲಿಲೀಟರ್. ಬಳಿಕ ಅದೇ ಪಾವಿನಲ್ಲಿ ಅಕ್ಕಿ, ರಾಗಿ, ಹಿಟ್ಟು, ತೊಗರಿಬೇಳೆ, ಸಕ್ಕರೆಗಳನ್ನು ಎಂದಿನ ಕೈಯಲ್ಲಿ ತುಂಬಿ ಒಂದೊಂದು ಸಲ ತೂಗಿ ಬರೆದಿಟ್ಟುಕೊಂಡ ಚೀಟಿ ಆ ಮನೆಯ ಮಟ್ಟಿಗೆ ಯಾವ ಗ್ರಂಥಕ್ಕಿಂತಲೂ ನಂಬಲರ್ಹ. ಇದನ್ನು ಅಡುಗೆ ಬರೆಯುವವರೂ ಪಾಲಿಸಿ, ಪಾವಿನ ಮುಂದೆ ಗ್ರಾಂ ನಮೂದಿಸುವುದು ಓದುಗರಿಗೆ ಮಾಡುವ ಉಪಕಾರ.

ವ್ಯಾಪಾರದಲ್ಲಿ ಅಳತೆಯ ಸೇರು ಇನ್ನೂ ಪೂರ್ತಿ ಅಳಿದಿಲ್ಲ. 2011ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮೆಟ್ರಿಕ್ ಅಲ್ಲದ ಮಾನಗಳಲ್ಲಿ ಬೆಲೆ ಹೇಳುವುದನ್ನು ನಿಷೇಧಿಸಿದೆ. ಆದರೂ ಹಳೆಯ ಮೈಸೂರು ಸೀಮೆಯ ಜಾತ್ರೆ, ಸಂತೆಗಳಲ್ಲಿ ಕಡಲೆಪುರಿಯನ್ನು ಸೇರಿನಲ್ಲೇ ಅಳೆದು ಕೊಡುತ್ತಾರೆ. ಗೋಪುರವೆದ್ದ ಆ ಒಂದು ಸೇರಿನ ತೂಕ ನೂರು ಗ್ರಾಮಿನ ಆಸುಪಾಸು.